ಮೊದಲು ದರ್ಜಿ ಕೂರಲಿ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ, ಟೈರ್ ಅಂಗಡಿಗೂ ಬೀಗ ರಿಪೇರಿಯವನ ಗೂಡಿಗೂ ನಡುವೆ, ವಾಹನಗಳ ಸೀಟಿಗೆ ಕವರ್ ಹೊಲಿಯುವ ಒಂದು ಅಂಗಡಿ ಇದೆ, ಅದರ ಹಿಂಭಾಗವೇ ಮನೆ. ಅದರ ಒಡತಿಗೆ ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಬ್ಯಾಂಕಿನವರ ಬಾಯಲ್ಲಿ ಬಿಟ್ಟರೆ ಅದು ಬೇರೆಲ್ಲೂ ಕೇಳಿಬರುವುದಿಲ್ಲ. ಊರಿಗೆಲ್ಲ ಅವಳು ಸೀಟಕ್ಕ. ಐವತ್ತು ದಾಟಿದ ಗಟ್ಟಿ ಹೆಂಗಸು. ಸಿಟ್ಟು ಮೂಗಿನ ತುದಿಯಲ್ಲೇ ಕೂತಿರುತ್ತದೆ. ಹಾಗಂತ ಹೆದರಬೇಕಿಲ್ಲ, ಬಂದಷ್ಟೇ ಬೇಗ ಇಳಿದೂ ಹೋಗುತ್ತದೆ. ರೆಕ್ಸಿನ್, ಸ್ಪಂಜು, ದಪ್ಪ ದಾರ, ಅಂಟಿನ ಡಬ್ಬಿಗಳ ನಡುವೆಯೇ ಹುಟ್ಟಿ ಬೆಳೆದವಳು. ಅವಳ ಹೊಲಿಗೆ ಬಿಚ್ಚಿತು ಎಂದು ವಾಪಸ್ ಬಂದ ಗಿರಾಕಿಯನ್ನು ಆ ಬೀದಿ ಇನ್ನೂ ಕಂಡಿಲ್ಲ. ಉತ್ಪ್ರೇಕ್ಷೆ ಅನ್ನಿಸಿದರೆ ಟೈರ್ ಅಂಗಡಿಯವನನ್ನೇ ಕೇಳಿ ನೋಡಿ.

ಅವಳದೊಂದು ಪದ್ಧತಿ ಇದೆ. ಹೊಲಿದ ಸೀಟಿನ ಮೇಲೆ ಮೊದಲು ಅವಳೇ ಕೂರಬೇಕು. ಸ್ಕೂಟರಾದರೆ ಬೀದಿಯ ತುದಿಯವರೆಗೆ ಒಂದು ಸುತ್ತು ಹೊಡೆದು ಬರುತ್ತಾಳೆ. ಲಾರಿಯಾದರೆ ಡ್ರೈವರನ್ನು ಕೆಳಗಿಳಿಸಿ ತಾನು ಹತ್ತಿ ಕೂತು, ಅತ್ತಿತ್ತ ಹೊರಳಿ, ಒಂದೆರಡು ಸಲ ಎದ್ದು ಕುಕ್ಕರಿಸಿ ನೋಡುತ್ತಾಳೆ. ಹೊಸಬರಿಗೆ ಇದು ತಮಾಷೆ. "ಸೀಟು ನಂದು, ಕೂರೋದು ನೀವಾ ಅಕ್ಕಾ?" ಎಂದು ಕೇಳಿದರೆ ಅವಳ ಉತ್ತರ ಸಿದ್ಧವಾಗಿರುತ್ತದೆ.

"ಹೊಲಿದವಳು ನಾನು. ಹರಿಯೋದಿದ್ರೆ ನನ್ನ ಕೆಳಗೇ ಹರೀಲಿ."

ಇದನ್ನು ಅವಳಿಗೆ ಕಲಿಸಿದ್ದು ಅಪ್ಪ. ಅಪ್ಪನಿಗೆ ಕಲಿಸಿದ್ದು ಅವರ ಅಮ್ಮ, ಅಂದರೆ ಸೀಟಕ್ಕನ ಅಜ್ಜಿ. ಯಾಕೆ ಹೀಗೆ ಎಂದು ಕೇಳಿದರೆ ಅಜ್ಜಿ, "ನಿಮ್ಮಜ್ಜ ಹಂಗೇ ಮಾಡ್ತಿದ್ರು" ಎನ್ನುವುದು ಬಿಟ್ಟರೆ ಮುಂದೆ ಬಾಯಿ ಬಿಡುತ್ತಿರಲಿಲ್ಲ. ಅಜ್ಜ ಜ್ವರ ಬಂದು ತೀರಿಕೊಂಡಾಗ ಅಪ್ಪ ಇನ್ನೂ ತೊದಲು ಮಾತಿನ ಮಗು.

ಆ ಅಜ್ಜ ಈಗ ಇರುವುದು ಹೊಲಿಗೆ ಯಂತ್ರದ ಮೇಲ್ಗಡೆ ಗೋಡೆಯಲ್ಲಿ, ಒಂದು ಗುಂಪು ಫೋಟೋದೊಳಗೆ. ಸೈನ್ಯದಲ್ಲಿ ವಿಮಾನ ಎಂಬುದು ಹೊಸದಾಗಿ ಬಂದ ಕಾಲದ ಪಡೆ ಅದು. ಹಿಂದೆ ಎರಡೆರಡು ರೆಕ್ಕೆಗಳ, ಮರ ಮತ್ತು ಬಟ್ಟೆಯ ವಿಮಾನ. ಮುಂದೆ ಕುರ್ಚಿಗಳಲ್ಲಿ ಅಧಿಕಾರಿಗಳು, ಅವರ ಹಿಂದೆ ಸಾಲಾಗಿ ನಿಂತವರು. ಸಾಲಿನ ಕೊನೆಯಲ್ಲಿ ನಿಂತವನೇ ಅಜ್ಜ. ರೆಕ್ಕೆಗಳ ಬಟ್ಟೆ ಹೊಲಿಯುವ ದರ್ಜಿಯಾಗಿ ಆ ಪಡೆ ಸೇರಿದವನು. ಆದರೆ ತಲೆಯ ಮೇಲೆ ನೋಡಿದರೆ ಹಾರುವವರ ಚರ್ಮದ ಟೋಪಿ, ಹಣೆಗೆ ಏರಿಸಿಕೊಂಡ, ಗಾಳಿ ತಡೆಯುವ ಕನ್ನಡಕ.

ಆ ಟೋಪಿಯೇ ಎಲ್ಲ ರಂಪಕ್ಕೆ ಮೂಲ.

"ನಿಮ್ಮಪ್ಪ ಆಕಾಶದಲ್ಲಿ ಹಾರ್ತಿದ್ರು ಮಗಾ" ಎಂದು ಅಜ್ಜಿ ಹೇಳಿದ್ದನ್ನು ಅಪ್ಪ ಚಿಕ್ಕಂದಿನಲ್ಲಿ ಶಾಲೆಗೆ ಹೋಗಿ ಹಾಗೇ ಹೇಳಿದರು. ಮೇಷ್ಟ್ರು ಕೇಳಿದರು: "ದರ್ಜಿ ಕೆಲಸ ಮಾಡ್ತಿದ್ದೋನು ಆಕಾಶಕ್ಕೆ ಹೋಗಿ ಏನು ಹೊಲೀತಿದ್ದ, ಮೋಡಾನಾ?" ಇಡೀ ತರಗತಿ ಬಿದ್ದು ಬಿದ್ದು ನಕ್ಕಿತು. ಅಪ್ಪ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ, ಅದಕ್ಕಾಗಿ ಬೆಂಚಿನ ಮೇಲೆ ನಿಂತರು. ಅವತ್ತು ಬಿದ್ದ ಅಡ್ಡಹೆಸರು 'ವಿಮಾನ'. ಶಾಲೆ ಮುಗಿಯಿತು, ಮದುವೆ ಆಯಿತು, ತಲೆ ಬೆಳ್ಳಗಾಯಿತು, ಹೆಸರು ಮಾತ್ರ ಬಿಟ್ಟು ತೊಲಗಲಿಲ್ಲ. ಹೊರಗಿನವರಾದರೂ ಮರೆತಾರು, ನೆಂಟರು ಮರೆಯುತ್ತಾರೆಯೇ? ಅದರಲ್ಲೂ ಚಿಕ್ಕಪ್ಪ. ಅಜ್ಜನ ತಮ್ಮನ ಮಗ ಅವರು. ಮನೆಯಲ್ಲಿ ನಾಲ್ಕು ಜನ ಸೇರಿದರೆ ಸಾಕು, ಶುರು ಹಚ್ಚಿಕೊಳ್ಳುತ್ತಿದ್ದರು.

"ದೊಡ್ಡಪ್ಪ ಹೊಲೀತಿದ್ರು, ಅಷ್ಟು ನಿಜ. ಫೋಟೋ ತೆಗೆಯೋ ದಿನ ಯಾರದೋ ಟೋಪಿ ಇಸ್ಕೊಂಡು ಹಾಕ್ಕೊಂಡಿದಾರೆ. ನಮ್ಮಣ್ಣ ಆ ಟೋಪೀನೇ ಇವತ್ತಿಗೂ ನಮಗೆಲ್ಲ ಹಾಕ್ತಾ ಇದಾನೆ."

ಅಪ್ಪ ಎದ್ದು ಒಳಗೆ ಹೋಗಿಬಿಡುತ್ತಿದ್ದರು. ಜೀವನದಲ್ಲಿ ಯಾರಿಗೂ ಒಂದು ಸುಳ್ಳು ಹೇಳದ ಮನುಷ್ಯ, ತನ್ನ ಹೆತ್ತಪ್ಪನ ವಿಷಯಕ್ಕೇ ಸುಳ್ಳುಗಾರ ಅನ್ನಿಸಿಕೊಂಡಿದ್ದರು.

ಹೀಗಿರುವಾಗ ಊರಾಚೆಯ ಹಳೇ ವಿಮಾನ ಶೆಡ್ಡನ್ನು ವಸ್ತುಸಂಗ್ರಹಾಲಯ ಮಾಡುತ್ತಾರೆ ಎಂಬ ಸುದ್ದಿ ಬಂತು. ಆ ಮೊದಲ ಪಡೆಯ ಗುಂಪು ಫೋಟೋವನ್ನು ಗೋಡೆಯಷ್ಟು ದೊಡ್ಡದು ಮಾಡಿ ಹಾಕುತ್ತಾರಂತೆ, ಅದರಲ್ಲಿರುವವರ ಮನೆಯವರು ಬಂದು ಗುರುತು ಹೇಳಬೇಕಂತೆ. ಅಪ್ಪ ಅದನ್ನು ಪತ್ರಿಕೆಯಲ್ಲಿ ಓದಿ, ಮಡಿಸಿ, ಮಗಳ ಯಂತ್ರದ ಪಕ್ಕ ಇಟ್ಟು ಹೋಗಿ ಮಲಗಿದರು. ಆಗಲೇ ಎಂಬತ್ತು ದಾಟಿದ್ದರು. ಬಾಯಿಬಿಟ್ಟು ಕೇಳದಿದ್ದರೂ ಅವರಿಗೆ ಏನು ಬೇಕು ಎಂಬುದು ಮಗಳಿಗೆ ಗೊತ್ತಾಗದೆ ಇರುತ್ತದೆಯೇ? ಅವಳು ಗೋಡೆಯಿಂದ ಫೋಟೋ ಇಳಿಸಿ, ಸ್ಪಂಜಿನಲ್ಲಿ ಸುತ್ತಿ, ಸ್ಕೂಟರಿನ ಹಿಂದೆ ಕಟ್ಟಿಕೊಂಡು ಹೊರಟಳು.

ಅಲ್ಲಿನ ಉಸ್ತುವಾರಿ ನಿವೃತ್ತ ಪೈಲಟ್ ಒಬ್ಬರದು. ಎಲ್ಲರೂ ಅವರನ್ನು ಕ್ಯಾಪ್ಟನ್ ಎನ್ನುತ್ತಿದ್ದರು. ಕೈಗೆ ಬಣ್ಣ ಮೆತ್ತಿಕೊಂಡು, ಹವಾಯಿ ಚಪ್ಪಲಿಯಲ್ಲಿ ಓಡಾಡುತ್ತಿದ್ದ ಮೆತ್ತನೆಯ ಮಾತಿನ ಮನುಷ್ಯ. ಫೋಟೋ ನೋಡಿ ತುಂಬಾ ಖುಷಿಪಟ್ಟರು. ಕುರ್ಚಿ ಕೊಟ್ಟರು, ಟೀ ತರಿಸಿದರು. ಆಮೇಲೆ ವಿಷಯಕ್ಕೆ ಬಂದರು. ಎರಡು ಗೋಡೆಗಳಂತೆ. ಒಂದರ ಮೇಲೆ 'ಹಾರಿದವರು', ಇನ್ನೊಂದರ ಮೇಲೆ 'ನೆಲದಲ್ಲಿ ದುಡಿದವರು'. ದರ್ಜಿ ಎಂದರೆ ಎರಡನೆಯದು.

"ನಮ್ಮಜ್ಜ ಹಾರಿದಾರೆ ಸಾರ್" ಎಂದಳು ಸೀಟಕ್ಕ.

"ಪೈಲಟ್‌ಗಳು ಯಾರ್ಯಾರು ಅಂತ ನಮಗೆ ಗೊತ್ತಿದೆಯಮ್ಮ, ಅದರಲ್ಲಿ ಅವರಿಲ್ಲ. ಟೋಪಿ ಏನೋ ಇದೆ. ಆಗೆಲ್ಲ ಫೋಟೋಗೆ ಅಂತ ಟೋಪಿ ಕೈ ಬದಲಾಗ್ತಿತ್ತು."

ಚಿಕ್ಕಪ್ಪನ ಮಾತೇ ಈ ಒಳ್ಳೆಯ ಮನುಷ್ಯನ ಬಾಯಲ್ಲೂ ಬಂದಾಗ ಅವಳಿಗೆ ಗಾಯದ ಮೇಲೆ ಉಪ್ಪು ಸುರಿದಂತಾಯಿತು. ಆದರೂ ತಡೆದುಕೊಂಡಳು.

"ನೆಲದಲ್ಲಿ ದುಡಿದವರು ಅನ್ನಿಸಿಕೊಳ್ಳೋಕೆ ನಮಗೇನೂ ನಾಚಿಕೆ ಇಲ್ಲ ಸಾರ್. ನಾನೂ ದುಡಿದು ತಿನ್ನೋಳೇ. ಆದ್ರೆ ನಮ್ಮಪ್ಪ ಒಂದೇ ಒಂದು ಮಾತು ಹೇಳಿದ್ದಕ್ಕೆ ಇಡೀ ಆಯಸ್ಸು ಸುಳ್ಳುಗಾರ ಅನ್ನಿಸ್ಕೊಂಡ್ರು. ನೀವೂ ಆ ಗೋಡೆಗೇ ಹಾಕಿದ್ರೆ ಸರ್ಕಾರದ ಮೊಹರು ಬಿದ್ದ ಹಾಗೆ ಆಗುತ್ತೆ."

ಕ್ಯಾಪ್ಟನ್ ಟೀ ಲೋಟ ಕೆಳಗಿಟ್ಟರು. ಫಲಕಗಳು ಇನ್ನೂ ಅಚ್ಚಿಗೆ ಹೋಗಿಲ್ಲ, ಅಷ್ಟರೊಳಗೆ ಏನಾದರೂ ಆಧಾರ ಸಿಕ್ಕಿದರೆ ತನಗಿಂತ ಸಂತೋಷಪಡುವವರು ಯಾರೂ ಇಲ್ಲ ಎಂದರು. ಫೋಟೋದಲ್ಲಿದ್ದ ಬೇರೆಯವರ ಮನೆಗಳು ಎಲ್ಲಿವೆ ಎಂಬುದನ್ನೂ ಹೇಳಿ ಕಳಿಸಿದರು.

ಸೀಟಕ್ಕ ಅಂಗಡಿಗೆ ಅರ್ಧ ಬಾಗಿಲು ಹಾಕಿ ಸುತ್ತಾಡತೊಡಗಿದಳು. ಮೊದಲು ಸಿಕ್ಕಿದವರು ಆ ಪಡೆಯ ಮೆಕ್ಯಾನಿಕ್ಕಿನ ಮಗ. ಕಿವಿ ಮಂದ, ಗಂಟಲು ಜೋರು. "ವಿಮಾನ ಹಾರಿದ್ದೇ ನಮ್ಮಪ್ಪನಿಂದ. ಪೈಲಟ್‌ಗಳು ಸುಮ್ಮನೆ ಮೇಲೆ ಕೂತಿರ್ತಿದ್ರು" ಎಂದರು. ದರ್ಜಿಯ ಬಗ್ಗೆ ಕೇಳಿದರೆ, "ನಮ್ಮಪ್ಪನ ಅಂಗಿಗಳಾ? ಅಮ್ಮನೇ ಹೊಲೀತಿದ್ಲು" ಎಂದರು. ಇನ್ನೊಂದು ಮನೆಯಲ್ಲಿ ಅಣ್ಣತಮ್ಮಂದಿರು ಪಾಲಾಗುವಾಗ ಫೋಟೋ ಯಾರಿಗೆ ಎಂದು ಜಗಳವಾಗಿ ಅದನ್ನು ನಡುವೆಯೇ ಕತ್ತರಿಸಿ ಹಂಚಿಕೊಂಡಿದ್ದರು; ಅಜ್ಜನಿದ್ದ ಅರ್ಧ ಯಾವ ತಮ್ಮನ ಪಾಲಿಗೆ ಹೋಯಿತೋ ಅವನು ಊರು ಬಿಟ್ಟು ವರ್ಷಗಳಾಗಿದ್ದವು. ಮತ್ತೊಂದು ಕಡೆ ಬಾಗಿಲು ತೆರೆದವನು ಅವಳು ಏನೋ ಮಾರಲು ಬಂದಿದ್ದಾಳೆಂದು ತಿಳಿದು ಬೇಡ ಬೇಡ ಎಂದ. ಅವಳಿಗೂ ಸಾಕುಸಾಕಾಯಿತು. ಮನೆಗೆ ಬಂದಾಗಲೆಲ್ಲ ಅಪ್ಪ ಅವಳ ಮುಖ ನೋಡಿ ತಟ್ಟೆ ಹಾಕಿಕೊಡುತ್ತಿದ್ದರು.

ಕಡೆಗೆ ಉಳಿದದ್ದು ಫೋಟೋದ ನಟ್ಟನಡುವೆ ಕುರ್ಚಿಯಲ್ಲಿ ಕೂತಿದ್ದ ಹಿರಿಯ ಪೈಲಟ್‌ನ ಮನೆ. ಅವರ ಮಗಳು ನಿವೃತ್ತ ಟೀಚರು, ಹೆಚ್ಚುಕಮ್ಮಿ ಸೀಟಕ್ಕನ ಅಪ್ಪನ ವಯಸ್ಸಿನವರು. ಸೀಟಕ್ಕ ಹೋದಾಗ ಆ ಮನೆಯ ನಡುಕೋಣೆಯಲ್ಲಿ ಎಲೆಕ್ಟ್ರಿಷಿಯನ್ ಏಣಿ ಹತ್ತಿ ಫ್ಯಾನ್ ರಿಪೇರಿ ಮಾಡುತ್ತಿದ್ದ. ಟೀಚರಮ್ಮ ಅವಳನ್ನು ಕೂರಲು ಹೇಳಿ, ಅವನ ಕೆಲಸ ಮುಗಿಯುವವರೆಗೆ ಕಣ್ಣು ಮಿಟುಕಿಸದೆ ಕಾವಲು ನಿಂತರು. ಅವನು ಇಳಿದು, ಏಣಿ ಮಡಿಸಿ, ಚೀಲ ಕಟ್ಟತೊಡಗಿದಾಗ ಟೀಚರಮ್ಮ ಫ್ಯಾನಿನ ಕೆಳಗೆ ಒಂದು ಕುರ್ಚಿ ಎಳೆದು ಹಾಕಿದರು.

"ಕೂತ್ಕೋಪ್ಪ. ಮೊದಲು ದರ್ಜಿ ಕೂರಲಿ."

ಎಲೆಕ್ಟ್ರಿಷಿಯನ್‌ಗೆ ಈ ಮನೆಯ ರೂಢಿ ಗೊತ್ತಿತ್ತೋ ಏನೋ, ತಲೆ ಕೆರೆದುಕೊಂಡು ಹೋಗಿ ಕೂತ. ಟೀಚರಮ್ಮ ಸ್ವಿಚ್ ಹಾಕಿದರು. ಫ್ಯಾನ್ ತಿರುಗಿತು, ಅವನ ತಲೆಯ ಮೇಲೆ ಏನೂ ಬೀಳಲಿಲ್ಲ.

ಸೀಟಕ್ಕ ಕೂತಲ್ಲಿಂದ ಎದ್ದಳು. "ಏನಂದ್ರಿ ಅಮ್ಮಾ ಈಗ?"

"ಏನು?"

"ದರ್ಜಿ ಕೂರಲಿ ಅಂದ್ರಲ್ಲ. ಇವನು ಕರೆಂಟ್ ಕೆಲಸದವನು."

ಟೀಚರಮ್ಮ ನಕ್ಕರು. "ಅದಾ? ನಮ್ಮನೇಲಿ ಹಂಗೇ ಅಂತಾರೆ ಕಣಮ್ಮ. ಯಾರು ಏನೇ ರಿಪೇರಿ ಮಾಡಿದ್ರೂ ಮೊದಲು ಅವರೇ ಕೂರಬೇಕು, ಆಮೇಲೆ ನಾವು. ನಮ್ಮಪ್ಪ ಮಾಡಿಟ್ಟ ನಿಯಮ. ಗ್ಯಾರೇಜಿಂದ ಕಾರು ಬಂದ್ರೂ ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡೇ ಒಂದು ಸುತ್ತು ಹೋಗ್ತಿದ್ರು."

"ಆ ದರ್ಜಿ ಯಾರು?"

"ಅಪ್ಪನ ಪಡೇಲಿ ಒಬ್ರಿದ್ರಂತೆ. ಆಗ ವಿಮಾನದ ರೆಕ್ಕೆ ಬಟ್ಟೇದು ನೋಡು, ಇಳಿಯುವಾಗ ಹರಿಯೋದು, ತೂತಾಗೋದು. ಹೊಲಿದು, ಮೇಲೆ ಎಂಥದೋ ಘಾಟು ಬಣ್ಣ ಬಳಿದು ಬಿಗಿ ಮಾಡೋರಂತೆ. ಹಂಗೆ ಹೊಲಿದಾಗೆಲ್ಲ ಮೊದಲನೇ ಸಲ ಹಾರುವಾಗ, ಹೊಲಿದ ದರ್ಜೀನ ಮುಂದಿನ ಸೀಟಲ್ಲಿ ಕೂರಿಸ್ಕೊಂಡೇ ಹೋಗ್ತಿದ್ರಂತೆ ನಮ್ಮಪ್ಪ. ಅವರೂ ಕರೆಯೋಕೆ ಮುಂಚೆ ತಾನೇ ಹತ್ತಿ ಕೂತಿರ್ತಿದ್ರಂತೆ. ಹೊಲಿಗೆ ಬಿಚ್ಚಿದ್ರೆ ಇಬ್ಬರೂ ಹೋಗಬೇಕಿತ್ತಲ್ಲ. ಬಿಚ್ಚಲಿಲ್ಲ, ಅದಕ್ಕೇ ನೀನು ಹುಟ್ಟಿದ್ದು ಅಂತಿದ್ರು ಅಪ್ಪ."

ಸೀಟಕ್ಕನ ಕಣ್ಣು ತುಂಬಿ ಬಂತು. ಅವಳು ಸ್ಪಂಜು ಬಿಚ್ಚಿ ಫೋಟೋ ಹೊರಗೆ ತೆಗೆದು, ಸಾಲಿನ ತುದಿಯಲ್ಲಿದ್ದವನ ಮೇಲೆ ಬೆರಳಿಟ್ಟಳು. "ಆ ದರ್ಜಿ ನಮ್ಮಜ್ಜ ಅಮ್ಮಾ. ನಮ್ಮನೇಲಿ ಇವತ್ತಿಗೂ ಹೊಲಿದವರೇ ಮೊದಲು ಕೂರೋದು. ಯಾಕೆ ಅಂತ ನನಗೆ ಈಗ ಗೊತ್ತಾಯ್ತು."

ಟೀಚರಮ್ಮ ಕನ್ನಡಕ ಏರಿಸಿಕೊಂಡು ಬಹಳ ಹೊತ್ತು ನೋಡಿದರು. ಆಮೇಲೆ ಸೀಟಕ್ಕನ ಕೈ ಹಿಡಿದುಕೊಂಡರು, ಬಿಡಲೇ ಇಲ್ಲ. ಊಟ ಮಾಡದೆ ಹೋಗಕೂಡದು ಎಂದು ಹಟ ಹಿಡಿದರು. ಎಲೆಕ್ಟ್ರಿಷಿಯನ್ ಕೂಡ ಚೀಲ ಕೆಳಗಿಟ್ಟು ಇಡೀ ಕಥೆ ಕೇಳಿಕೊಂಡೇ ಹೋದ.

ಮರುದಿನ ಇಬ್ಬರು ಹೆಂಗಸರೂ ಕ್ಯಾಪ್ಟನ್ ಮುಂದೆ ಹಾಜರಾದರು. ಹೇಳಿದ್ದನ್ನೆಲ್ಲ ಕೇಳಿ ಕ್ಯಾಪ್ಟನ್ ಮುಖ ಅರಳಿತು, ಆದರೆ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆಯೇ ಬಂತು.

"ನಾನು ನಂಬ್ತೀನಿ ಅಮ್ಮ, ಪೂರ್ತಿ ನಂಬ್ತೀನಿ. ಆದ್ರೆ ನಾಳೆ ಯಾರಾದ್ರೂ ಬಂದು, ಇದು ಮನೆಮಂದಿ ಮಾತು, ದರ್ಜಿ ಯಾರಾದ್ರೂ ಆಗಿರಬಹುದು ಅಂದ್ರೆ ಏನು ತೋರಿಸಲಿ? ಬನ್ನಿ, ನಿಮಗೊಂದು ತೋರಿಸ್ತೀನಿ, ನಿನ್ನೆ ತಾನೇ ಬಂತು."

ಒಳಗಿನ ಕೋಣೆಯ ನೆಲದ ಮೇಲೆ ಆ ಗುಂಪು ಫೋಟೋ ಹಾಸಿತ್ತು. ಪಡೆಯವರು ಜೋಪಾನ ಮಾಡಿಟ್ಟಿದ್ದ ಗಾಜಿನ ನೆಗೆಟಿವ್‌ನಿಂದ ತೆಗೆಸಿದ್ದು, ಗೋಡೆಯಷ್ಟು ದೊಡ್ಡದು. ಒಬ್ಬೊಬ್ಬರ ತಲೆಯೂ ಬದುಕಿರುವ ಮನುಷ್ಯರ ತಲೆಯಷ್ಟು. ಸೀಟಕ್ಕ ಚಪ್ಪಲಿ ಬಿಟ್ಟು, ಅಂಚಿನಲ್ಲೇ ನಡೆದುಕೊಂಡು ಹೋಗಿ ಅಜ್ಜನ ಹತ್ತಿರ ಕುಕ್ಕರಗಾಲಲ್ಲಿ ಕೂತಳು. ನೋಡಿದ್ದೇ ತಡ, ಅವಳಿಗೆ ಸಿಟ್ಟು ನೆತ್ತಿಗೇರಿತು.

"ಇದೇನು ಸಾರ್, ಅಜ್ಜನ ಮುಖ ಹಿಂಗೆ ಹಾಳು ಮಾಡಿದೀರಿ? ಕಣ್ಣಿನ ಸುತ್ತ ಬಿಳಿ ಬಿಳಿ ಬಳಿದ ಹಾಗಿದೆ. ಗೂಬೆ ಥರ ಕಾಣ್ತಾರೆ. ನಮ್ಮನೆ ಫೋಟೋದಲ್ಲಿ ಇದಿಲ್ಲ."

"ಎಲ್ಲಿ?" ಎಂದು ಕ್ಯಾಪ್ಟನ್ ಬಗ್ಗಿದರು. ಬಗ್ಗಿದವರು ಹಾಗೇ ಮಂಡಿಯೂರಿದರು. ನಡುವಿನ ಹಿರಿಯ ಪೈಲಟ್‌ನ ಮುಖ ನೋಡಿದರು, ಅವನ ಅಕ್ಕಪಕ್ಕದವರನ್ನು ನೋಡಿದರು. ಎಲ್ಲರ ಮುಖವೂ ಕಪ್ಪಿಟ್ಟಿತ್ತು, ಕಣ್ಣಿನ ಸುತ್ತ ಮಾತ್ರ ಬಳೆಯಂತೆ ತಿಳಿ ಬಣ್ಣ. ಆಮೇಲೆ ಮಂಡಿಯ ಮೇಲೇ ತೆವಳಿಕೊಂಡು ಹಿಂದಿನ ಸಾಲಿಗೆ ಬಂದರು. ಮೆಕ್ಯಾನಿಕ್ಕುಗಳಿಗೆ ಬಳೆ ಇಲ್ಲ. ಅಡುಗೆಯವನಿಗೆ ಇಲ್ಲ. ಬಡಗಿಗೆ ಇಲ್ಲ. ಕೊನೆಯಲ್ಲಿ ನಿಂತ ದರ್ಜಿಗೆ ಇದೆ, ಎಳ್ಳಷ್ಟೂ ಸಂಶಯವಿಲ್ಲದಂತೆ ಇದೆ.

ಕ್ಯಾಪ್ಟನ್ ನೆಲದ ಮೇಲೇ ಕೂತುಬಿಟ್ಟರು.

"ನಾನೇ ನೋಡಬೇಕಿತ್ತು, ಟೋಪಿ ನೋಡ್ತಾ ಕೂತುಬಿಟ್ಟೆ. ಇದು ಹಾಳಾಗಿದ್ದಲ್ಲಮ್ಮ. ಆ ವಿಮಾನಗಳಿಗೆ ಗಾಜು ಇಲ್ಲ, ಮಾಡು ಇಲ್ಲ. ಬಿಸಿಲು, ಗಾಳಿ, ಇಂಜಿನ್ ಎಣ್ಣೆ ಎಲ್ಲ ಮುಖಕ್ಕೇ. ಕನ್ನಡಕ ಮುಚ್ಚಿದ್ದ ಜಾಗ ಮಾತ್ರ ಹುಟ್ಟಿದ ಬಣ್ಣದಲ್ಲೇ ಉಳಿಯುತ್ತೆ. ಟೋಪಿ ಇಸ್ಕೋಬಹುದು. ಇದನ್ನ ಯಾರ ಹತ್ರಾನೂ ಇಸ್ಕೊಳ್ಳೋಕಾಗಲ್ಲ. ತಿಂಗಳುಗಟ್ಟಲೆ ಮೇಲೆ ಹೋಗಿ ಬಂದ್ರೆ ಮಾತ್ರ ಬರೋದು."

ಟೀಚರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಸೀಟಕ್ಕ ಅಜ್ಜನ ಆ ಎರಡು ಬಿಳಿಯ ಬಳೆಗಳನ್ನು ಬೆರಳಿನಿಂದ ಮುಟ್ಟಿ ಮುಟ್ಟಿ ನೋಡಿದಳು.

ಮನೆಗೆ ಬಂದು ಹೇಳಿದಾಗ ಅಪ್ಪ ಗೋಡೆಗೆ ವಾಪಸ್ ಏರಿದ್ದ ಫೋಟೋ ಕಡೆ ನೋಡುತ್ತಾ, "ಅದನ್ನ ಅಳಿಸಿದ್ದು ನಾನೇ ಕಣೇ" ಎಂದರು.

ದುಡಿಯಲು ಶುರು ಮಾಡಿದ ಹೊಸದರಲ್ಲಿ ಅಪ್ಪ ಹಳೇ ಚಿಕ್ಕ ಫೋಟೋವನ್ನು ಸ್ಟುಡಿಯೋಗೆ ಕೊಟ್ಟು ದೊಡ್ಡದು ಮಾಡಿಸಿದ್ದರಂತೆ. ಕಣ್ಣಿನ ಸುತ್ತ ಬಿಳಿ ಮಚ್ಚೆ ಕಂಡು, ತನ್ನ ಅಪ್ಪನ ಮುಖಕ್ಕೆ ಯಾವುದೋ ಕಾಯಿಲೆ ಇದ್ದ ಹಾಗೆ ಕಾಣುತ್ತದೆ, ನೋಡಿದವರು ಆಡಿಕೊಳ್ಳುತ್ತಾರೆ ಎಂದು, ಸ್ಟುಡಿಯೋದವನಿಗೆ ಹೇಳಿ ಬಣ್ಣ ತುಂಬಿಸಿ ಒಂದೇ ಸಮ ಮಾಡಿಸಿದ್ದರು. ಹಳೆಯದನ್ನು ಅವನ ಹತ್ತಿರವೇ ಬಿಟ್ಟು ಬಂದಿದ್ದರು.

"ಚೆನ್ನಾಗಿ ಕಾಣಲಿ ಅಂತ ಮಾಡಿಸಿದ್ದು. ಗಣಪತಿ ಮಾಡು ಅಂದ್ರೆ ಅವರಪ್ಪನ್ನ ಮಾಡಿದ ಹಾಗಾಯ್ತು. ನಾನು ಹೇಳ್ತಿದ್ದದ್ದು ನಿಜ ಅಂತ ಅಪ್ಪನ ಮುಖದಲ್ಲೇ ಬರೆದಿತ್ತು, ನಾನೇ ನಿಂತು ಒರೆಸಿಸಿದೆ." ಹೇಳುತ್ತಾ ಹೇಳುತ್ತಾ ಅಪ್ಪ ನಗತೊಡಗಿದರು. ಆ ನಗು ನಿಲ್ಲಲೇ ಇಲ್ಲ, ಕಣ್ಣಲ್ಲಿ ನೀರು ಬಂದರೂ ನಿಲ್ಲಲಿಲ್ಲ. ಮಗಳೂ ಸೇರಿಕೊಂಡಳು. ಟೈರ್ ಅಂಗಡಿಯವನು ಏನಾಯಿತೋ ಎಂದು ಎದ್ದು ಬಂದು ನೋಡಿದ.

ಅಚ್ಚಿಗೆ ಕೊಡುವ ಮುಂಚೆ ಕ್ಯಾಪ್ಟನ್ ತಾವೇ ಅಂಗಡಿಗೆ ಬಂದರು. "ಯಜಮಾನ್ರೇ, ನಿಮ್ಮ ತಂದೆಯವರನ್ನ ಹಾರಿದವರ ಗೋಡೆಗೆ ಹಾಕ್ತಾ ಇದೀವಿ" ಎಂದರು. ಖುಷಿಪಡುತ್ತಾರೆ ಎಂದುಕೊಂಡರೆ ಅಪ್ಪ ತಲೆಯಾಡಿಸಿದರು.

"ಆ ಗೋಡೇಲಿ ಇರಲಿ. ಇನ್ನೊಂದು ಗೋಡೆಯಿಂದ ತೆಗೀಬೇಡಿ."

"ಎರಡೂ ಕಡೆ ಯಾರೂ ಇಲ್ಲ ಯಜಮಾನ್ರೇ."

"ಇಲ್ದೇ ಇರಬಹುದು. ಹೊಲಿದೋರೂ ಅವರೇ, ಹಾರಿದೋರೂ ಅವರೇ. ಒಂದನ್ನ ಹಾಕಿ ಇನ್ನೊಂದನ್ನ ಬಿಟ್ರೆ ಅದು ಅರ್ಧ ಸುಳ್ಳು ಆಗುತ್ತೆ ಸಾರ್. ನನಗೆ ಅಭ್ಯಾಸ ಇಲ್ಲ."

ಎಂಬತ್ತು ದಾಟಿದ ಅಪ್ಪ ಅಷ್ಟು ಎದೆ ಸೆಟೆದು ಮಾತಾಡಿದ್ದನ್ನು ಸೀಟಕ್ಕ ಅವತ್ತೇ ಮೊದಲು ನೋಡಿದ್ದು. ಕ್ಯಾಪ್ಟನ್ ಎದ್ದು ನಿಂತು, ಹಾಗೇ ಆಗಲಿ ಎಂದರು. ಇವತ್ತಿಗೂ ಆ ಪಡೆಯಲ್ಲಿ ಎರಡೂ ಗೋಡೆಗಳ ಮೇಲೆ ಹೆಸರಿರುವ ಮನುಷ್ಯ ಒಬ್ಬನೇ.

ಉದ್ಘಾಟನೆಯ ದಿನ ನೆಂಟರೆಲ್ಲ ಬಂದರು. ಚಿಕ್ಕಪ್ಪ ಇಸ್ತ್ರಿ ಅಂಗಿ ಹಾಕಿಕೊಂಡು ಎಲ್ಲರಿಗಿಂತ ಮುಂಚೆ ಬಂದಿದ್ದರು. ಕಂಡವರನ್ನೆಲ್ಲ ಕೈ ಹಿಡಿದು ಕರೆತಂದು, "ಇವರು ನಮ್ಮ ಸ್ವಂತ ದೊಡ್ಡಪ್ಪ" ಎಂದು ತೋರಿಸುತ್ತಿದ್ದರು. ಸೀಟಕ್ಕನ ಬಾಯಿ ತುದಿಗೆ ಒಂದು ಮಾತು ಬಂದಿತ್ತು, ಅಪ್ಪ ಬೇಡ ಎಂಬಂತೆ ಕೈ ಅದುಮಿದರು. ಭಾಷಣಗಳಾದವು. ಜನ ಚದುರಿ ಒಂದೊಂದೇ ಫೋಟೋ ನೋಡುತ್ತಾ ಹೊರಟರು. ಅಪ್ಪ ಕೋಲೂರಿಕೊಂಡು 'ಹಾರಿದವರು' ಗೋಡೆಯ ಮೇಲಿದ್ದ ಗುಂಪು ಫೋಟೋ ಮುಂದೆ ನಿಂತರು.

ಕೈಚೀಲ ಹಿಡಿದ ಒಬ್ಬ ಅಪರಿಚಿತ ಹೆಂಗಸು ಅವರ ಪಕ್ಕ ಬಂದು ನಿಂತು, ಫೋಟೋವನ್ನೂ ಅಪ್ಪನನ್ನೂ ನೋಡಿದಳು.

"ಇದರಲ್ಲಿ ನಿಮ್ಮೋರು ಯಾರಾದ್ರೂ ಇದಾರಾ?"

ಅಪ್ಪ ಕೋಲೆತ್ತಿ ಸಾಲಿನ ತುದಿಯನ್ನು ತೋರಿಸಿದರು. "ಅವರು ನಮ್ಮಪ್ಪ. ಹಾರ್ತಿದ್ರು."

"ಹೌದಾ, ಒಳ್ಳೇದು" ಎಂದಳು ಅವಳು. ಇನ್ನೊಂದು ಗಳಿಗೆ ನೋಡಿದಳು. ಆಮೇಲೆ ಮುಂದಿನ ಫೋಟೋಗೆ ಹೋದಳು.

ಅಪ್ಪ ಅವಳು ಹೋದ ಕಡೆಗೇ ನೋಡುತ್ತಾ ನಿಂತುಬಿಟ್ಟರು. ಸೀಟಕ್ಕ ಗಾಬರಿಯಾಗಿ ಹತ್ತಿರ ಹೋಗಿ, ಏನಾಯ್ತಪ್ಪ ಎಂದು ಭುಜ ಮುಟ್ಟಿದಳು.

"ನಗಲಿಲ್ಲ ಕಣೇ" ಎಂದರು ಅಪ್ಪ. "ಒಂದು ಮಾತು ತಿರುಗಿ ಕೇಳಲಿಲ್ಲ. ಸುಮ್ಮನೆ ನಂಬಿಬಿಟ್ಟಳು."